ಪೇಜ್‌ಮೇಕರ್‌ನಂಥ ದುಡ್ಡಿನ ತಂತ್ರಾಂಶ ಲಿನಕ್ಸ್‌ಗೆ ಎಂದಾದರೂ ಬರುತ್ತದೆಯೇ? ಕಾಯಬೇಕೋ, ಬೇರೆ ದಾರಿ ಹಿಡಿಯಬೇಕೋ?

ಅಚ್ಚುಮನೆ_ಬೆಟಗೇರಿ

ಎಲ್ಲರಿಗೂ ಶರಣು.

ಬೆಟಗೇರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ, ಎಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಕಟ್ಟಿಕೊಡುವ ಅಂಗಡಿ. ಮೂರು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ನಾನು ಮತ್ತು ಕೆಲಸ ಕಲಿತ ಇಬ್ಬರು ಹುಡುಗಿಯರು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ, ವರ್ಷಕ್ಕೆ ಐದಾರು ಪುಸ್ತಕ. ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿರುವುದು ನಿಮಗೆ ಗೊತ್ತೇ ಇದೆ. ಆ ಹೆಸರು ತಂದುಕೊಟ್ಟ ದೊಡ್ಡ ಯಂತ್ರಗಳಿಗೆ ಪುಟ ಕಟ್ಟಿಕೊಡುವವರು ನಮ್ಮಂಥ ಸಣ್ಣ ಅಂಗಡಿಯವರು.

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಮೂರರಲ್ಲಿ ಎರಡು ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅದು ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಅವುಗಳಲ್ಲಿಲ್ಲ. ಪರದೆ ಚೆನ್ನಾಗಿದೆ, ಕೀಲಿಮಣೆ ಚೆನ್ನಾಗಿದೆ, ಕೆಲಸ ಸಲೀಸಾಗಿ ನಡೆಯುತ್ತಿದೆ. ಅಂಥ ಯಂತ್ರವನ್ನು ಮೂಲೆಗೆ ಸರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಒಂದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿದೆ. ಅಂತರಜಾಲ, ಇಮೇಲ್, ಪ್ರಿಂಟರ್ ಎಲ್ಲವೂ ಮೊದಲ ದಿನವೇ ನಡೆದವು. ನಿಂತದ್ದು ಪುಟ ಕಟ್ಟುವ ಕೆಲಸವೊಂದೇ.

ನನ್ನ ಕೈ ಪಳಗಿರುವುದು ಪುಟ ಕಟ್ಟುವ ಪೇಜ್‌ಮೇಕರ್ ಮತ್ತು ಚಿತ್ರ ಬಿಡಿಸುವ ಕೋರೆಲ್‌ಡ್ರಾದಲ್ಲಿ. ಪೇಜ್‌ಮೇಕರ್ ಕೊನೆಯ ಬಾರಿ ಹೊಸದಾದದ್ದು 2001ರಲ್ಲಿ, 7.0 ಎಂಬ ಆವೃತ್ತಿಯಲ್ಲಿ. 2004ಕ್ಕೆ ಅದರ ಒಡೆತನದ ಅಡೋಬಿ ಕಂಪನಿ ಅಭಿವೃದ್ಧಿಯನ್ನೇ ನಿಲ್ಲಿಸಿತು. ಆದರೂ ನಮ್ಮ ಕಡೆ ಇಂದಿಗೂ ಎಷ್ಟೋ ಪುಸ್ತಕಗಳು ಅದರಲ್ಲೇ ಹುಟ್ಟುತ್ತಿವೆ. ಕಾರಣ ಸರಳ. ಹಳೆಯ ನುಡಿ, ಹಳೆಯ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಅಕ್ಷರಗಳಲ್ಲಿ ಮಾಡಿಟ್ಟ ಕೆಲಸ ಬೆಟ್ಟದಷ್ಟಿದೆ, ಮತ್ತು ಗಿರಾಕಿ ಹೋದ ವರ್ಷದ ಕರಪತ್ರದಲ್ಲೇ ತಾರೀಖು ತಿದ್ದಿಕೊಡಿ ಎನ್ನುತ್ತಾನೆ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಪುಕ್ಕಟೆ ಸಿಗಲಿ ಎಂಬ ಆಸೆಯಿಂದ ನಾನು ಲಿನಕ್ಸ್ ಕಡೆಗೆ ಬಂದವಳಲ್ಲ. ಮುಕ್ತ ಎಂದರೆ ಮೂಲವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದದ್ದು; ಅದನ್ನು ಪುಕ್ಕಟೆ ಎಂದು ತಿಳಿದವರು ನಮ್ಮ ಓಣಿಯಲ್ಲೂ ಇದ್ದಾರೆ, ಅವರೊಡನೆ ವಾದಿಸಿ ದಣಿದಿದ್ದೇನೆ. ಕೆಲಸದ ಸಾಮಾನಿಗೆ ದುಡ್ಡು ಕೊಡಬೇಕು, ಕೊಡುತ್ತೇನೆ. ಒಳ್ಳೆಯ ಪುಟವಿನ್ಯಾಸದ ತಂತ್ರಾಂಶವನ್ನು ಯಾವುದಾದರೂ ಕಂಪನಿ ಲಿನಕ್ಸ್‌ಗೆ ಮಾಡಿ ಮಾರಿದರೆ ಮೊದಲ ರಸೀದಿ ನನ್ನ ಹೆಸರಿಗೇ ಹರಿಯಲಿ.

ಆದರೆ ನನಗೊಂದು ಹೆದರಿಕೆಯೂ ಇದೆ. ಬಹಳ ವರ್ಷಗಳ ಹಿಂದೆ ಕನ್ನಡ ಅಕ್ಷರಗಳ ಒಂದು ಕಟ್ಟನ್ನು ಕೊಂಡಿದ್ದೆ, ಹೆಸರು ಬೇಡ. ಕಂಪ್ಯೂಟರಿನ ಹಿಂದೆ ಚುಚ್ಚುವ ಒಂದು ಡಾಂಗಲ್ ಕೊಟ್ಟಿದ್ದರು. ಅದು ಚುಚ್ಚಿದ್ದರೆ ಮಾತ್ರ ಅಕ್ಷರ ಮೂಡುತ್ತಿದ್ದವು. ಒಂದು ಮಳೆಗಾಲದಲ್ಲಿ ಡಾಂಗಲ್ ಕೆಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. 300 ಪುಟಗಳ ಪುರಾಣದ ಪುಸ್ತಕವೊಂದು ಪರದೆಯ ಮೇಲೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ನಿಂತಿತು. ಮೂವರು ಕೂತು ಮೊದಲ ಪುಟದಿಂದ ಮತ್ತೆ ಟೈಪ್ ಮಾಡಿದೆವು.

ನನ್ನ ಅಪ್ಪ ಇಲ್ಲಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಎಡಗೈಯಲ್ಲಿ ಸ್ಟಿಕ್ ಹಿಡಿದು, ಕಣ್ಣನ್ನು ಹಸ್ತಪ್ರತಿಯ ಮೇಲಿಟ್ಟು, ಬಲಗೈಯನ್ನು ಗೂಡಿನಿಂದ ಗೂಡಿಗೆ ಓಡಿಸುತ್ತಿದ್ದರು. ಮೊಳೆ ಸವೆದರೆ ಕರಗಿಸಿ ಎರಕ ಹೊಯ್ಯಬಹುದಿತ್ತು, ಕಡಿಮೆ ಬಿದ್ದರೆ ಪಕ್ಕದ ಪ್ರೆಸ್ಸಿನಿಂದ ಒಂದು ಮುಷ್ಟಿ ಕಡ ತರಬಹುದಿತ್ತು. ಮೊಳೆ ಮಾಡಿದ ಕಂಪನಿ ಮುಚ್ಚಿತೆಂದು ಜೋಡಿಸಿಟ್ಟ ಪುಟ ಅಳಿಸಿಹೋಗುತ್ತಿರಲಿಲ್ಲ. ಡಾಂಗಲ್ ಕೆಟ್ಟ ದಿನ ನನಗೆ ಅಪ್ಪನ ಮೊಳೆಪೆಟ್ಟಿಗೆ ಬಹಳ ನೆನಪಾಯಿತು.

ಈಗ ನನ್ನ ಪ್ರಶ್ನೆ. ದೊಡ್ಡ ಕಂಪನಿಗಳು ತಮ್ಮ ಡಿಟಿಪಿ ತಂತ್ರಾಂಶವನ್ನು ಲಿನಕ್ಸ್‌ಗೆ ಏಕೆ ತರುವುದಿಲ್ಲ? ಹಿಂದೆ ಯಾರಾದರೂ ತಂದಿದ್ದರೇ? ನಾವು ಮುದ್ರಕರೆಲ್ಲ ಸಹಿ ಹಾಕಿ ಕೇಳಿದರೆ ಉಪಯೋಗವಿದೆಯೇ? ಅಲ್ಲಿಯವರೆಗೆ ನನ್ನ ಹಳೆಯ ಕಡತಗಳನ್ನು ಹೇಗೆ ಉಳಿಸಿಕೊಳ್ಳಲಿ?

ಹುಬ್ಬಳ್ಳಿ_ರಿಪೇರಿ

ಅಕ್ಕನವರೇ, ನಮಸ್ಕಾರ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುತ್ತೇನೆ. ದೊಡ್ಡ ಪ್ರಶ್ನೆಗೆ ಉಳಿದವರು ಉತ್ತರಿಸಲಿ, ನಿಮ್ಮ ಹಳೆಯ ಕಡತಗಳ ವಿಷಯ ಮಾತ್ರ ಹೇಳುತ್ತೇನೆ.

ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್ ಮೇಲೆ ಓಡಿಸಲು ವೈನ್ ಎಂಬುದಿದೆ. 1993ರಲ್ಲಿ ಶುರುವಾದ ಕೆಲಸ, 1.0 ಎಂಬ ಆವೃತ್ತಿ ಬರಲು 2008 ಆಯಿತು. ತಂತ್ರಾಂಶವು ಕಿಟಕಿ ತೆರೆ, ಕಡತ ಕೊಡು ಎಂದು ವಿಂಡೋಸನ್ನು ಕೇಳುತ್ತದೆಯಲ್ಲ, ವೈನ್ ನಡುವೆ ನಿಂತು ವಿಂಡೋಸಿನ ಪರವಾಗಿ ಉತ್ತರ ಕೊಡುತ್ತದೆ. ಅದರಲ್ಲಿ ಪೇಜ್‌ಮೇಕರ್ ತೆರೆದೀತು. ತೊಂದರೆ ಬರುವುದು ಕನ್ನಡದಲ್ಲಿ. ನಿಮ್ಮ ಹಳೆಯ ಕನ್ನಡ ತಂತ್ರಾಂಶ ಪೇಜ್‌ಮೇಕರಿನ ಒಳಗಿನದಲ್ಲ. ಅದು ಹೊರಗೆ ಕೂತು, ನೀವು ಒತ್ತಿದ ಪ್ರತಿ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು, ಕನ್ನಡದ ತುಣುಕಾಗಿ ಬದಲಿಸಿ ಒಳಗೆ ಕಳುಹಿಸುತ್ತದೆ. ವೈನ್‌ನಲ್ಲಿ ಆ ಕೊಂಡಿಯನ್ನು ನಂಬುವಂತಿಲ್ಲ. ಆ ದಾರಿಯಲ್ಲಿ ದಿನದ ಕೆಲಸ ಇಟ್ಟುಕೊಳ್ಳಬೇಡಿ.

ನಾನು ಮಾಡಿಕೊಡುವುದು ಬೇರೆ. ಲಿನಕ್ಸ್ ಒಳಗೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ನಿಮ್ಮದೇ ಹಳೆಯ ವಿಂಡೋಸ್, ನಿಮ್ಮದೇ ಪೇಜ್‌ಮೇಕರ್, ನಿಮ್ಮದೇ ಅಕ್ಷರಗಳನ್ನು ಇರಿಸುವುದು. ಅದಕ್ಕೆ ಅಂತರಜಾಲ ಕೊಡಬೇಡಿ, ಅಲ್ಲಿ ಹೊಸ ಕೆಲಸವನ್ನೂ ಮಾಡಬೇಡಿ. ಹಳೆಯ ಕಡತ ತೆರೆಯಲು, ಅದರಿಂದ ಪಠ್ಯ ಹೊರತೆಗೆಯಲು, ಪಿಡಿಎಫ್ ಮಾಡಲು ಅದೊಂದು ಉಗ್ರಾಣ ಇದ್ದ ಹಾಗೆ.

ಇನ್ನು ಕೀಲಿಮಣೆ. ನುಡಿಯಲ್ಲಿ ನಿಮ್ಮ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಅದು ಮಿಂಟ್‌ನಲ್ಲಿ ಈಗಾಗಲೇ ಇದೆ. ಕೀಲಿಮಣೆಯ ಪಟ್ಟಿಯಲ್ಲಿ ಭಾರತೀಯ ವಿಭಾಗಕ್ಕೆ ಹೋಗಿ ಕನ್ನಡ ಕಗಪ ಎಂಬುದನ್ನು ಆರಿಸಿ. ಬೇರೇನೂ ಹಾಕಬೇಕಾಗಿಲ್ಲ.

ಅಚ್ಚುಮನೆ_ಬೆಟಗೇರಿ

ತಮ್ಮಾ, ಕಗಪ ಸಿಕ್ಕಿತು! ಹುಡುಗಿಯರು ಐದು ನಿಮಿಷದಲ್ಲಿ ಹಳೆಯ ವೇಗಕ್ಕೆ ಬಂದರು. ಇಷ್ಟು ದಿನ ಒಂದೊಂದೇ ಅಕ್ಷರ ಹುಡುಕುತ್ತ ಕೂತಿದ್ದೆವು. ಈ ಒಂದು ಸಾಲಿಗೆ ನಿನಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ವರ್ಚುವಲ್‌ಬಾಕ್ಸ್ ಕೆಲಸಕ್ಕೆ ಬರುವ ವಾರ ಕಂಪ್ಯೂಟರ್ ಹಿಡಿದು ಹುಬ್ಬಳ್ಳಿಗೇ ಬರುತ್ತೇನೆ.

ಕರಡು_ಧಾರವಾಡ

ಅಮ್ಮಾ, ನಾನು ಧಾರವಾಡದಲ್ಲಿ ಕರಡು ತಿದ್ದುವವನು. ಮೂವತ್ತು ವರ್ಷಗಳಿಂದ ಪುಸ್ತಕಗಳ ಕರಡು ನೋಡಿ ಬದುಕಿದ್ದೇನೆ. ನೀವು ಕೇಳಿದ ಎರಡನೆಯ ಪ್ರಶ್ನೆ, ಹಿಂದೆ ಯಾರಾದರೂ ತಂದಿದ್ದರೇ ಎಂಬುದು, ನನಗೆ ಬಹಳ ಮುಖ್ಯವಾಗಿ ಕಂಡಿತು.

ತಂದಿದ್ದರು. ಅದೂ ಚಿಕ್ಕಪುಟ್ಟ ಕಂಪನಿಗಳಲ್ಲ.

ಫ್ರೇಮ್‌ಮೇಕರ್ ಎಂಬ ತಂತ್ರಾಂಶವಿದೆ. ದಪ್ಪ ದಪ್ಪ ಕೈಪಿಡಿಗಳನ್ನು ಕಟ್ಟಲು ಹೆಸರಾದದ್ದು. ಅದು 1986ರ ಹೊತ್ತಿಗೆ ಹುಟ್ಟಿದ್ದೇ ಸನ್ ಕಂಪನಿಯ ಯುನಿಕ್ಸ್ ಯಂತ್ರಗಳ ಮೇಲೆ. 1995ರಲ್ಲಿ ಅಡೋಬಿ ಅದನ್ನು ಕೊಂಡುಕೊಂಡಿತು. ಯುನಿಕ್ಸ್ ಮೇಲೆ ಓಡುವುದನ್ನು ಲಿನಕ್ಸ್‌ಗೆ ತರುವುದು ಹೋಲಿಕೆಯಲ್ಲಿ ಸುಲಭ, ಎರಡೂ ಒಂದೇ ಮನೆತನದವು. ಅಡೋಬಿ ಲಿನಕ್ಸ್‌ಗಾಗಿ ಅದರ ಪರೀಕ್ಷಾ ಆವೃತ್ತಿಯನ್ನು ಹೊರಗೂ ಬಿಟ್ಟಿತು, ಜನ ಬಳಸಿದರು, ಮೆಚ್ಚಿದರು. 2000ದ ಕೊನೆಗೆ ಅದು ನಿಂತಿತು. ಮಾರಾಟದ ಸರಕಾಗಿ ಬರಲೇ ಇಲ್ಲ. ಪರೀಕ್ಷಾ ಆವೃತ್ತಿಗೆ ಅವಧಿ ಹಾಕಿದ್ದರು, ಅವಧಿ ಮುಗಿದ ಮೇಲೆ ತಂತ್ರಾಂಶ ತೆರೆಯುವಂತಿರಲಿಲ್ಲ. ನಿಮ್ಮ ಡಾಂಗಲ್ ಕಥೆ ಓದಿದಾಗ ನನಗೆ ನೆನಪಾದದ್ದು ಇದು.

ಕೋರೆಲ್ ಇನ್ನೂ ಮುಂದೆ ಹೋಗಿತ್ತು. 1999ರಲ್ಲಿ ತನ್ನದೇ ಒಂದು ಲಿನಕ್ಸ್ ಹೊರತಂದಿತು. 2000ದಲ್ಲಿ ವರ್ಡ್‌ಪರ್ಫೆಕ್ಟ್ ಆಫೀಸ್ ಮತ್ತು ನೀವು ಬಳಸುವ ಕೋರೆಲ್‌ಡ್ರಾದ 9ನೆಯ ಆವೃತ್ತಿ, ಎರಡನ್ನೂ ಲಿನಕ್ಸ್‌ಗೆ ತಂದಿತು. ಹುಬ್ಬಳ್ಳಿಯ ತಮ್ಮ ಹೇಳಿದ ವೈನ್ ಇದೆಯಲ್ಲ, ಅದನ್ನೇ ಆಧಾರವಾಗಿಟ್ಟುಕೊಂಡು ತಂದದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ 13.5 ಕೋಟಿ ಡಾಲರ್ ಕೊಟ್ಟು ಕೋರೆಲ್‌ನ ಷೇರು ಕೊಂಡಿತು. ಮರುವರ್ಷ ಕೋರೆಲ್‌ನ ಲಿನಕ್ಸ್ ಕ್ಸಾಂಡ್ರೋಸ್ ಎಂಬ ಬೇರೆ ಕಂಪನಿಯ ಪಾಲಾಯಿತು. ಲಿನಕ್ಸ್‌ಗೆ ಮುಂದಿನ ಕೋರೆಲ್‌ಡ್ರಾ ಬರಲಿಲ್ಲ. ಪಿಡಿಎಫ್ ಓದುವ ಅಡೋಬಿ ರೀಡರ್ ಕೂಡ ಲಿನಕ್ಸ್ ಮೇಲೆ 9.5ರ ಸರಣಿಗೇ ನಿಂತುಬಿಟ್ಟಿತು.

ಹಾಗಾಗಿ ತರಲು ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಂದು ತೋರಿಸಿದ್ದಾರೆ. ತಂದವರೇ ಹಿಂದಕ್ಕೆ ಒಯ್ದರು, ಮತ್ತು ಒಯ್ಯುವಾಗ ಬಳಸುತ್ತಿದ್ದವರನ್ನು ಕೇಳಲಿಲ್ಲ. ಸಹಿ ಸಂಗ್ರಹಿಸಿ ಕಳುಹಿಸಿದರೆ ನಾಳೆ ಮತ್ತೊಮ್ಮೆ ತಂದಾರು ಎಂದೇ ಇಟ್ಟುಕೊಳ್ಳಿ. ಮತ್ತೊಮ್ಮೆ ಒಯ್ದರೆ ಏನು ಮಾಡುತ್ತೀರಿ?

ಲಿನಕ್ಸ್‌ಗೆ ದುಡ್ಡಿನ ಡಿಟಿಪಿ ತಂತ್ರಾಂಶ ಇಲ್ಲವೇ ಇಲ್ಲ ಎಂದೂ ತಿಳಿಯಬೇಡಿ. ಜರ್ಮನಿಯ ವಿವಾಡಿಸೈನರ್ ಇದೆ. ಕೊಳ್ಳುವ ಮೊದಲು ಒಂದು ಲಗ್ನಪತ್ರಿಕೆ ಹಾಕಿ ನೋಡಿ. ಸ್ತ್ರೀ, ರಾಷ್ಟ್ರ, ವಸ್ತ್ರ ಈ ಮೂರು ಪದ ಸರಿಯಾಗಿ ಮೂಡುತ್ತವೆಯೇ ಎಂಬುದೇ ನನ್ನ ಪರೀಕ್ಷೆ.

ಇನ್ನೊಂದು ಸ್ಕ್ರೈಬಸ್, ಪುಟ ಕಟ್ಟುವ ಮುಕ್ತ ತಂತ್ರಾಂಶ. ಹತ್ತು ವರ್ಷದ ಹಿಂದೆ ಇದನ್ನು ಹಾಕಿ ನೋಡಿದ ಕನ್ನಡದವರೆಲ್ಲ ಬಿಟ್ಟು ಎದ್ದರು. ನಾನೂ ಬಿಟ್ಟಿದ್ದೆ. ಒತ್ತಕ್ಷರ ಒಡೆದು ಸಾಲಿನಲ್ಲಿ ನಿಲ್ಲುತ್ತಿದ್ದವು. 2017ರಲ್ಲಿ ಬಂದ 1.5.3ರಿಂದ ಅದು ಸರಿಹೋಯಿತು. ಸರಿಹೋದ ಬಗೆಯನ್ನು ನೀವು ಕೇಳಬೇಕು. ಕನ್ನಡಕ್ಕಾಗಿ ಯಾರೂ ಮಾಡಿದ್ದಲ್ಲ. ಒಮಾನ್ ದೇಶದ ಮುಕ್ತ ತಂತ್ರಾಂಶದವರಿಗೆ ಅರಬಿ ಅಕ್ಷರ ಬೇಕಾಗಿತ್ತು. ಅರಬಿಯಲ್ಲಿ ಅಕ್ಷರಗಳು ಒಂದಕ್ಕೊಂದು ಕೈಹಿಡಿದು ಆಕಾರ ಬದಲಿಸುತ್ತವೆ. ಅದಕ್ಕಾಗಿ ಅವರು ಮುತುವರ್ಜಿ ವಹಿಸಿ, ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಯಂತ್ರವನ್ನು ಸ್ಕ್ರೈಬಸ್ ಒಳಗೆ ಕೂರಿಸುವ ಕೆಲಸ ನಡೆಸಿದರು. ಹಾರ್ಫ್‌ಬಜ್‌ಗೆ ಕನ್ನಡವೂ ಗೊತ್ತಿತ್ತು. ಅರಬಿಗೆಂದು ತೆರೆದ ಬಾಗಿಲಲ್ಲಿ ನಾವೂ ಒಳಗೆ ಬಂದೆವು. ಈ ಕೆಲಸವೆಲ್ಲ ಸೇರಿದ ಸ್ಥಿರ ಆವೃತ್ತಿ 1.6.0 ಬಂದದ್ದು 2024ರ ಜನವರಿಯಲ್ಲಿ.

ಯಾವುದನ್ನು ಹಿಡಿದರೂ ಒಂದು ಕೆಲಸ ಮಾತ್ರ ತಪ್ಪದು. ಹಳೆಯ ಪಠ್ಯವನ್ನು, ಇಂದಿನ ಕಂಪ್ಯೂಟರುಗಳೆಲ್ಲ ಅರಿಯುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತನ್ನಿ. ನುಡಿಯ ಹಳೆಯ ಅಕ್ಷರಗಳಲ್ಲಿ ‘ಕ’ ಎಂಬುದು ಕಂಪ್ಯೂಟರಿಗೆ ‘ಕ’ ಅಲ್ಲವೇ ಅಲ್ಲ. ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ. ಮೇಲೆ ಕನ್ನಡದ ಮುಖವಾಡ. ಡಾಂಗಲ್ ಕೆಟ್ಟ ದಿನ ನಿಮ್ಮ ಪರದೆಯ ಮೇಲೆ ಆ ಮುಖವಾಡ ಕಳಚಿತ್ತು, ಅಷ್ಟೇ.

ಹಾವೇರಿ_ಆಫ್‌ಸೆಟ್

ತಂಗೀ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ.

ನಮ್ಮದು ಹಾವೇರಿಯಲ್ಲಿ ಎರಡು ಬಣ್ಣದ ಆಫ್‌ಸೆಟ್ ಯಂತ್ರ. ಬ್ಯಾಡಗಿ ಮೆಣಸಿನಪುಡಿಯ ಪೊಟ್ಟಣದ ಚೀಟಿಯಿಂದ ಶಾಲೆಯ ಪ್ರಮಾಣಪತ್ರದವರೆಗೆ ಎಲ್ಲವನ್ನೂ ಮಾಡುತ್ತೇವೆ. ಗಿರಾಕಿ ಪೆನ್‌ಡ್ರೈವ್ ತರುತ್ತಾನೆ. ಅದರಲ್ಲಿ ಕೋರೆಲ್‌ಡ್ರಾ ಕಡತವೇ ಇರುತ್ತದೆ. ಅರ್ಧ ಗಂಟೆಯಲ್ಲಿ ತಿದ್ದಿ ಮುದ್ರಣದ ಪ್ಲೇಟಿಗೆ ಕಳುಹಿಸಬೇಕು. ಆಗ ಪರಿವರ್ತನೆ, ಪರೀಕ್ಷೆ ಎಂದು ಕೂತರೆ ಅವನು ಪಕ್ಕದ ಅಂಗಡಿಗೆ ನಡೆಯುತ್ತಾನೆ. ನಾನು ತಿಂಗಳ ಬಾಡಿಗೆ ಕಟ್ಟಿ ತಂತ್ರಾಂಶ ಬಳಸುತ್ತೇನೆ, ಯಂತ್ರಕ್ಕೆ ಎಣ್ಣೆ ಹಾಕುವ ಖರ್ಚಿನ ಸಾಲಿನಲ್ಲಿ ಅದನ್ನೂ ಬರೆದಿದ್ದೇನೆ.

ಧಾರವಾಡದವರ ಇತಿಹಾಸ ಸರಿ. ಆದರೆ ಕರಡು ತಿದ್ದುವವರಿಗೆ ಇರುವ ಹೊತ್ತು ಪ್ಲೇಟ್ ಕಾಯುವವರಿಗೆ ಇಲ್ಲ. ಒಂದು ವಿಂಡೋಸ್ ಯಂತ್ರ ಇಟ್ಟುಕೊಳ್ಳಿ, ಒಂದರಲ್ಲಿ ಲಿನಕ್ಸ್ ನಡೆಸಿ. ಎಲ್ಲವನ್ನೂ ಒಂದೇ ದಿನ ಬದಲಿಸಿ ದೀಪಾವಳಿಯ ಹೊತ್ತಿನಲ್ಲಿ ಕೈಸುಟ್ಟುಕೊಳ್ಳಬೇಡಿ. ಬಣ್ಣದ ವಿಷಯದಲ್ಲಂತೂ ಎಚ್ಚರ. ಕಪ್ಪು ಅಕ್ಷರ ನಾಲ್ಕೂ ಬಣ್ಣಗಳಲ್ಲಿ ಒಡೆದು ಬಂದರೆ ಅಂಚು ಮಸುಕಾಗಿ ಪುಟದ ಗತಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಚ್ಚುಮನೆ_ಬೆಟಗೇರಿ

ಅಣ್ಣನವರೇ, ಬೇಸರವೇಕೆ? ನೀವು ಹೇಳಿದಂತೆ ವಿಂಡೋಸ್ 11 ಹಿಡಿಸುವ ಮೂರನೆಯ ಯಂತ್ರವನ್ನು ಹಾಗೆಯೇ ಇಟ್ಟಿದ್ದೇನೆ. ಪೆನ್‌ಡ್ರೈವ್ ಹಿಡಿದು ಬರುವ ಗಿರಾಕಿ ಅದರ ಮುಂದೆ ಕೂರುತ್ತಾನೆ.

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡದೆ ಬರೆಯಬಾರದೆಂದು ಕೂತಿದ್ದೆ. ನಮ್ಮ ಒಬ್ಬ ಖಾಯಂ ಗಿರಾಕಿ ಒಂದು ಸಹಕಾರಿ ಸಂಘ. ಅವರ ವಾರ್ಷಿಕ ವರದಿ, 24 ಪುಟ, ಡೆಮಿ 1/4 ಅಳತೆ. ಹೋದ ವರ್ಷದ್ದು ಪೇಜ್‌ಮೇಕರ್‌ನಲ್ಲಿತ್ತು. ಈ ವರ್ಷದ್ದನ್ನು ಪೂರ್ತಿ ಸ್ಕ್ರೈಬಸ್‌ನಲ್ಲಿ ಕಟ್ಟಿದೆ.

ಮೊದಲ ಪೆಟ್ಟು ಬಿದ್ದದ್ದು ಪಠ್ಯ ಬದಲಿಸುವಲ್ಲಿ. ಹುಬ್ಬಳ್ಳಿಯ ತಮ್ಮ ಮಾಡಿಕೊಟ್ಟ ಉಗ್ರಾಣದಿಂದ ಪಠ್ಯ ತೆಗೆದು, ಕೈಗೆ ಸಿಕ್ಕ ಒಂದು ಪರಿವರ್ತಕಕ್ಕೆ ಹಾಕಿದೆ. ಮೊದಲ ಪುಟದಲ್ಲೇ ‘ವಾಷಿರ್ಕ ವರದಿ’ ಎಂದು ಬಂತು. ಕೆಳಗೆ ‘ನಿದೇರ್ಶಕರು’. ಲೆಕ್ಕದ ಪುಟದಲ್ಲಿ ‘ಜಮಾ ಖಚುರ್’. ಎದೆ ಧಸಕ್ಕೆಂದಿತು. ಆಮೇಲೆ ಶಾಂತವಾಗಿ ಕೂತು ನೋಡಿದಾಗ ಗುಟ್ಟು ಗೊತ್ತಾಯಿತು. ಹಳೆಯ ಅಕ್ಷರಗಳಲ್ಲಿ ನಾವು ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲೇ ಹೊಡೆಯುತ್ತಿದ್ದೆವು, ‘ದೇ’ ಆದ ಮೇಲೆ ಅರ್ಕಾವತ್ತು. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ನಡೆಯುತ್ತದೆ, ಮೊದಲು ‘ರ್’ ಆಮೇಲೆ ‘ದೇ’. ಆ ಪರಿವರ್ತಕ ಕ್ರಮ ತಿರುಗಿಸದೆ ಇದ್ದಲ್ಲೇ ಬದಲಿಸಿತ್ತು. ಅಪ್ಪ ಮೊಳೆ ಜೋಡಿಸುತ್ತಿದ್ದದ್ದೂ ಕಣ್ಣಿನ ಕ್ರಮದಲ್ಲೇ, ನಾನು ಇಷ್ಟು ವರ್ಷ ಟೈಪ್ ಮಾಡಿದ್ದೂ ಅದೇ ಕ್ರಮದಲ್ಲಿ ಕೂತಿತ್ತು. ಬಾಯಿಯ ಕ್ರಮದಲ್ಲಿ ಕೂತ ಕನ್ನಡವನ್ನು ಮೊದಲ ಸಲ ಕಂಡೆ. ಬೇರೆ ಪರಿವರ್ತಕ ಹಾಕಿದೆ, ಅದು ಕ್ರಮ ತಿಳಿದಿತ್ತು. ಆದರೂ ಅರ್ಕಾವತ್ತು ಇರುವ ಪ್ರತಿ ಪದವನ್ನು ಕೆಂಪು ಪೆನ್ನಿನಿಂದ ಗುರುತು ಮಾಡಿ ನೋಡಿದೆವು. ‘ರ‍್ಯಾಲಿ’ ಎಂಬಂಥ ಪದಗಳಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕಲ್ಲ, ಅಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಅದನ್ನು ಕೈಯಿಂದಲೇ ಮಾಡಿದೆವು.

ಬಣ್ಣದಲ್ಲಿ ಸ್ಕ್ರೈಬಸ್ ನನ್ನನ್ನು ಕೈಬಿಡಲಿಲ್ಲ. ನಾಲ್ಕು ಬಣ್ಣಗಳನ್ನು ಬೇರೆ ಬೇರೆ ಮಾಡಿ ಪರದೆಯ ಮೇಲೆ ತೋರಿಸುತ್ತದೆ. ಸಯಾನ್, ಮೆಜೆಂಟಾ, ಹಳದಿ ಮೂರನ್ನೂ ಮರೆಮಾಡಿ ನೋಡಿದೆ, ಅಕ್ಷರಗಳೆಲ್ಲ ಕಪ್ಪಿನಲ್ಲೇ ಗಟ್ಟಿಯಾಗಿ ನಿಂತಿದ್ದವು. ಪಿಡಿಎಫ್ ಮಾಡುವ ಮೊದಲು ತಾನೇ ಪುಟಗಳನ್ನು ತಪಾಸಣೆ ಮಾಡಿ, 11ನೆಯ ಪುಟದ ಚಿತ್ರದ ಗುಣಮಟ್ಟ ಸಾಲದು ಎಂದು ಎಚ್ಚರಿಸಿತು. ಪ್ಲೇಟ್ ಮಾಡುವವರು ಪಿಡಿಎಫ್ ತೆರೆದು ನೋಡಿ ಏನೂ ಕೇಳದೆ ಪ್ಲೇಟ್ ತೆಗೆದರು. ನನಗೆ ಅಷ್ಟು ಸಾಕಾಗಿತ್ತು.

ಕೋಷ್ಟಕದಲ್ಲಿ ಮಾತ್ರ ಸೋತೆ. ಜಮಾ-ಖರ್ಚು, ಆಸ್ತಿ-ಹೊಣೆ, ಪಾಲುದಾರರ ಪಟ್ಟಿ, ಇವೇ ಎಂಟು ಪುಟ. ಪೇಜ್‌ಮೇಕರ್‌ನಲ್ಲಿ ಟ್ಯಾಬ್ ಹಾಕಿ ಅರ್ಧ ದಿನದಲ್ಲಿ ಮುಗಿಸುತ್ತಿದ್ದೆ, ಇಲ್ಲಿ ಎರಡು ದಿನ ಹಿಡಿಯಿತು. ಸ್ಕ್ರೈಬಸ್‌ನ ಕೋಷ್ಟಕ ನಮ್ಮ ಲೆಕ್ಕದ ಪುಟಗಳಿಗೆ ಇನ್ನೂ ಒದಗುವಂತಿಲ್ಲ. ಇದನ್ನು ಮುಚ್ಚಿಟ್ಟರೆ ನಾಳೆ ನನ್ನ ಮಾತು ನಂಬಿ ಬಂದವರಿಗೆ ಮೋಸವಾಗುತ್ತದೆ, ಅದಕ್ಕೆ ಬರೆದಿದ್ದೇನೆ.

ಧಾರವಾಡದ ಸರ್, ನೀವು ಬರೆದ ಒಮಾನ್‌ನವರ ವಿಷಯ ತಲೆಯಿಂದ ಹೋಗಲಿಲ್ಲ. ವರದಿಯ ಮೊದಲ ಪುಟದಲ್ಲಿ ಸಂಘದವರು ಪ್ರತಿ ವರ್ಷ ಕಣಗಿನಹಾಳದ ಬಗ್ಗೆ ನಾಲ್ಕು ಸಾಲು ಹಾಕಿಸುತ್ತಾರೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ ಸಹಕಾರ ಸಂಘದ ಸಾಲುಗಳು. ನಾನು ಅದನ್ನು ಎಷ್ಟೋ ಸಲ ಟೈಪ್ ಮಾಡಿದ್ದೇನೆ, ಈ ಸಲವೇ ಓದಿದ್ದು. ನಮ್ಮ ಗದಗದಿಂದ ಕೂಗಳತೆಯ ಹಳ್ಳಿ. ಒಬ್ಬೊಬ್ಬ ರೈತನೂ ಸಾಹುಕಾರನ ಬಾಗಿಲಲ್ಲಿ ಕೈಯೊಡ್ಡುವುದನ್ನು ಬಿಟ್ಟು, ಇದ್ದಷ್ಟು ಪಾಲು ಹಾಕಿ ಒಂದು ಪೆಟ್ಟಿಗೆ ಮಾಡಿಕೊಂಡರು. ನಾವು ಮುದ್ರಕರು ಸಹಿ ಹಾಕಿ ಒಂದು ಕಂಪನಿಯನ್ನು ಬೇಡಿಕೊಳ್ಳುವುದಕ್ಕಿಂತ, ಆ ದುಡ್ಡನ್ನು ಒಟ್ಟು ಹಾಕಿ ಸ್ಕ್ರೈಬಸ್‌ನ ಕೋಷ್ಟಕ ಸರಿಮಾಡಬಲ್ಲ ಒಬ್ಬರಿಗೆ ಕೆಲಸ ಕೊಟ್ಟರೆ? ಅದು ಮುಕ್ತ ತಂತ್ರಾಂಶ, ಒಮ್ಮೆ ಸರಿಯಾದದ್ದನ್ನು ಯಾರೂ ಹಿಂದಕ್ಕೆ ಒಯ್ಯುವಂತಿಲ್ಲ. ಬೆಟಗೇರಿಯಲ್ಲಿ ನಾಲ್ಕು ಅಂಗಡಿಯವರೊಡನೆ ಮಾತಾಡಿದೆ. ಇಬ್ಬರು ಹೂಂ ಎಂದರು, ಒಬ್ಬರು ಕೋಷ್ಟಕ ಕಂಡ ಮೇಲೆ ಹೇಳುತ್ತೇನೆ ಎಂದರು, ಒಬ್ಬರು ನಕ್ಕರು. ಇಬ್ಬರು ಸಾಕು, ನಾನು ಮೂರನೆಯವಳು.

ದುಡ್ಡಿನ ತಂತ್ರಾಂಶ ಲಿನಕ್ಸ್‌ಗೆ ಬಂದರೆ ಈಗಲೂ ಕೊಳ್ಳುತ್ತೇನೆ, ಆ ಮಾತು ಹಿಂದಕ್ಕಿಲ್ಲ. ನಾನು ಕಟ್ಟಿದ ಪುಟ ಬೇರೆಡೆಯೂ ತೆರೆಯಬೇಕು ಎಂಬ ಒಂದೇ ಷರತ್ತು.

ಹಾವೇರಿ_ಆಫ್‌ಸೆಟ್

ತಂಗೀ, ಕೋಷ್ಟಕ ಸರಿಯಾದರೆ ಶಾಲೆಗಳ ಅಂಕಪಟ್ಟಿಯ ಕೆಲಸವನ್ನು ನಾನೂ ಅದಕ್ಕೆ ಹಾಕಬಲ್ಲೆ. ಒಂದು ಪಾಲು ನನ್ನದೂ ಬರೆದುಕೊಳ್ಳಿ.

ಕರಡು_ಧಾರವಾಡ

ಕೆಲಸ ಕೊಡುವ ಮೊದಲು ಏನು ಕೆಟ್ಟಿದೆ ಎಂಬುದನ್ನು ಸ್ಕ್ರೈಬಸ್‌ನವರಿಗೆ ಅಚ್ಚುಕಟ್ಟಾಗಿ ಬರೆದು ತಿಳಿಸಬೇಕು. ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಪಾಲಿಗೆ ಇರಲಿ. ಆ ಎಂಟು ಪುಟಗಳಲ್ಲಿ ಅತ್ಯಂತ ಕಾಡಿದ ಒಂದು ಪುಟ ಕಳುಹಿಸಿ, ಪಿಡಿಎಫ್ ಅಲ್ಲ, ಮೂಲ ಕಡತ. ಸಂಘದವರ ಹೆಸರು, ಮೊತ್ತಗಳನ್ನು ಅಳಿಸಿ ಬೇರೆ ಅಂಕಿ ತುಂಬಿ.

ಅಚ್ಚುಮನೆ_ಬೆಟಗೇರಿ

14ನೆಯ ಪುಟ ಕಳುಹಿಸಿದ್ದೇನೆ ಸರ್. ಅದರ ಮೂರನೆಯ ಅಂಕಣದಲ್ಲಿ ‘ರಾಷ್ಟ್ರೀಕೃತ ಬ್ಯಾಂಕಿನ ಠೇವಣಿ’ ಎಂಬ ಸಾಲು ನೋಡಿ. ‘ಷ್ಟ್ರೀ’ಯ ಒತ್ತುಗಳು ಕೆಳಗಿನ ಗೆರೆಗೆ ತಾಗುತ್ತಿವೆ. ಸಾಲಿನ ಎತ್ತರ ಹೆಚ್ಚಿಸಿದರೆ ಪಕ್ಕದ ಅಂಕಿಗಳು ಮೇಲಕ್ಕೆ ಸರಿಯುತ್ತವೆ. ಅದನ್ನೂ ಸೇರಿಸಿ ಬರೆಯಿರಿ.